ಡಬ್ಬ ಕಾಣ್ತಿಲ್ಲ

ಹೆಂಡತಿಯ ಪಾದದ ಮೇಲಿನ ಬಿಳಿ ಬಟ್ಟೆ ಸರಿಮಾಡಲು ಗೇರಣ್ಣ ಬಗ್ಗಿದ್ದಾಗಲೇ ಅವಳ ಫೋನು ಹೊಡೆದುಕೊಳ್ಳತೊಡಗಿತು. ಹಜಾರದಲ್ಲಿ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ. ಕೊನೆಗೆ ಅವನೇ ಎತ್ತಿದ.

“ಅಕ್ಕಾ, ಡಬ್ಬ ಕಾಣ್ತಿಲ್ಲ!” ಆ ಕಡೆಯ ಹೆಂಗಸು ಉಸಿರು ಕೂಡ ತೆಗೆದುಕೊಳ್ಳದೆ ಶುರುಮಾಡಿದಳು. “ಮೂರೂ ಕಂಪ್ಯೂಟರಲ್ಲಿ ಕಾಣ್ತಿಲ್ಲ. ನಾನೇನೂ ಮುಟ್ಟಿಲ್ಲ, ನಿಮ್ಮಾಣೆ!”

“ಅವಳಿಲ್ಲ.”

“ಓ, ಸರ್ ಆ? ಎಷ್ಟೊತ್ತಿಗೆ ಬರ್ತಾರೆ?”

“ಬರಲ್ಲ.”

“ಯಾಕೆ, ಅವರಿಗೂ ರಜಾನಾ? ನಾನು ನಾಲ್ಕು ದಿನ ರಜಾ ಮುಗಿಸಿ ಈಗ ಬಂದೆ, ನೋಡಿದ್ರೆ ಇಲ್ಲಿ ಯಾರೂ ಇಲ್ಲ.”

ಗೇರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. “ಹ್ಞೂ, ರಜಾ,” ಎಂದವನೇ ಫೋನನ್ನು ಮಗಳ ಕೈಗೆ ತುರುಕಿದ.

ಮಗಳು ಕಿಟಕಿಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ನಿನ್ನೆ ಸಂಜೆ ಕೆಲಸ ಮುಗಿಸಿ ಬಸ್ಸಿಗೆ ನಿಂತಲ್ಲೇ ಅಮ್ಮ ಕುಸಿದದ್ದು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದದ್ದು. ಫೋನಿನೊಳಗಿನಿಂದ ಬಂದ ಕೂಗು ಹಜಾರದ ಈ ತುದಿಗೂ ಕೇಳಿಸಿತು.

“ಅವಳೇ ಗಡಿಬಿಡಿ,” ಎಂದ ಗೇರಣ್ಣ ಪಕ್ಕದಲ್ಲಿದ್ದ ಬಾಮೈದನಿಗೆ. “ಸ್ಕ್ಯಾನ್ ತೆಗೆಯೋಳು. ನಿಮ್ಮಕ್ಕ ಇಟ್ಟ ಹೆಸರು. ಸತ್ತ ಮೇಲೂ ಬಿಡಲ್ಲ ನೋಡು.”

ಗೇರಣ್ಣ ಅನ್ನುವುದೂ ಬಸ್ ಡಿಪೋದವರು ಇಟ್ಟ ಹೆಸರೇ. ಮೂವತ್ತು ವರ್ಷ ಗೇರ್‌ಬಾಕ್ಸ್ ಬಿಚ್ಚಿ, ತೊಳೆದು, ಕಟ್ಟಿ ನಿವೃತ್ತನಾದವನು. ಹೆಂಡತಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, “ಸ್ಕ್ಯಾನಿಂಗ್ ಸೆಂಟರಿನ ಕೌಂಟರಲ್ಲಿ ಕೂರ್ತಾಳೆ” ಎಂದು ಮುಗಿಸುತ್ತಿದ್ದ. ಅವಳನ್ನು ಅಲ್ಲಿ ಸೇರಿಸಿಕೊಂಡದ್ದು ಬಂದವರ ಹೆಸರು ಬರೆದು ಸರದಿ ಚೀಟಿ ಕೊಡುವುದಕ್ಕೇ. ಆಮೇಲೆ ಡಬ್ಬ ಬಂತು. ಚಪ್ಪಲಿ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬ. ತೆಗೆದ ಸ್ಕ್ಯಾನುಗಳೆಲ್ಲ ಅದರ ಹೊಟ್ಟೆಗೆ ಹೋಗುತ್ತಿದ್ದವು, ಮೂರು ಕಂಪ್ಯೂಟರುಗಳೂ ವಯರಿನ ಮೂಲಕ ಅಲ್ಲಿಂದಲೇ ತೆಗೆದುಕೊಳ್ಳುತ್ತಿದ್ದವು. ಕೂರಿಸಿದವನು ಒಂದು ದಪ್ಪ ಪುಸ್ತಕ ಕೊಟ್ಟು ಹೋದ. ಡಾಕ್ಟರು ಅದನ್ನು ಡ್ರಾಯರಿಗೆ ಹಾಕಿದರು. ಇವಳು ಅದನ್ನು ಮನೆಗೆ ತಂದು, ಕನ್ನಡಕ ಮೂಗಿನ ತುದಿಗಿಳಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಎರಡು ತಿಂಗಳು ಓದಿದಳು. ಅಲ್ಲಿಂದಾಚೆ ಡಬ್ಬ ಕಣ್ಣುಮುಚ್ಚಾಲೆ ಆಡಿದಾಗಲೆಲ್ಲ ಫೋನು ಬರುತ್ತಿದ್ದದ್ದು ಅವಳಿಗೆ.

ಹತ್ತು ನಿಮಿಷದಲ್ಲಿ ಮತ್ತೆ ಫೋನು. ಈ ಸಲ ಡಾಕ್ಟರು.

“ಇಂಥಾ ಹೊತ್ತಲ್ಲಿ ಕೇಳಬಾರದು, ನನಗೆ ಗೊತ್ತಾಗುತ್ತೆ,” ಎಂದರು. “ದೊಡ್ಡಾಸ್ಪತ್ರೇಲಿ ಒಬ್ಬರಿಗೆ ಮೂರು ಗಂಟೆಗೆ ತಲೆ ಆಪರೇಷನ್. ಹೋದ ವರ್ಷದ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡದೆ ಕತ್ತಿ ಮುಟ್ಟಲ್ಲ ಅಂತಿದ್ದಾರೆ ಅಲ್ಲಿನ ಸರ್ಜನ್ನು. ಮನೇಲಿದ್ದ ಫಿಲ್ಮು ನೀರು ಬಿದ್ದು ಹಾಳಾಗಿದೆ. ಸರ್ವಿಸಿನವನು ನಾಳೆ ಬರ್ತೀನಿ ಅಂತಾನೆ. ಮೇಡಮ್ಮು ಎಲ್ಲಾದ್ರೂ ಬರೆದಿಟ್ಟಿದ್ದಾರಾ?”

ಎಲ್ಲೂ ಬರೆದಿಟ್ಟಿರಲಿಲ್ಲ. ಬಾಮೈದ ಎದ್ದು ನಿಂತ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಅಕ್ಕ ಒಂದು ದಿನವೂ ತನ್ನನ್ನು ಒಂದು ಮಾತು ಕೇಳಲಿಲ್ಲ ಎಂಬ ಕೊರಗು ಅವನಿಗೆ ಮೊದಲಿಂದಲೂ ಇತ್ತು. ಫೋನನ್ನು ಸ್ಪೀಕರಿಗೆ ಹಾಕಿ ಗಡಿಬಿಡಿಯನ್ನು ಕರೆದ.

“ಮೊದಲು ಎಲ್ಲಾ ಆಫ್ ಮಾಡಿ ಆನ್ ಮಾಡಿ.”

“ಡಬ್ಬಾನೂ?”

“ಎಲ್ಲಾ ಅಂದ್ರೆ ಎಲ್ಲಾ.”

“ಮಾಡ್ದೆ. ಕಾಣ್ತಿಲ್ಲ.”

“ಫೈರ್‌ವಾಲ್ ತೆಗೀರಿ.”

“ಅದು ಯಾವ ರೂಮಲ್ಲಿದೆ ಸರ್?”

ಬಾಮೈದ ಹಣೆ ಒತ್ತಿಕೊಂಡ. ಮೂಲೆಯಲ್ಲಿ ಕೂತಿದ್ದ ಪಕ್ಕದ ಮನೆ ಮೇಷ್ಟ್ರು, ವೈರಸ್ಸೇ ಇರಬೇಕು ಎಂದರು. ಅವರ ಹೆಂಡತಿ, ನಮ್ಮ ಟೀವಿಯೂ ಹೀಗೇ ಆಗಿತ್ತು, ನಾಲ್ಕು ಏಟು ಕೊಟ್ಟ ಮೇಲೆ ಸರಿಹೋಯಿತು ಎಂದರು. ಬಾಮೈದ ಅದನ್ನು ಒತ್ತಿಸಿದ, ಇದನ್ನು ತೆಗೆಸಿದ, ಕೊನೆಗೆ ಕೈಚೆಲ್ಲಿದ. “ಒಳಗಿರೋದೇ ಅಳಿಸಿಹೋಗಿರಬೇಕು ಕಣಮ್ಮ.”

ಆ ಕಡೆ ಗಡಿಬಿಡಿ ಬಿಕ್ಕಳಿಸಿದಳು.

“ಮೊದಲು ದೀಪ ಯಾವ ಬಣ್ಣ ಅಂತ ಕೇಳೋ!” ಹೆಂಡತಿಯ ತಲೆಯ ಬಳಿ ಕೂತಿದ್ದ ಗೇರಣ್ಣ ಸಿಡಿದ.

ಎಲ್ಲರೂ ತಿರುಗಿ ನೋಡಿದರು. ಅವನು ಎದ್ದು ಬಂದು ಬಾಮೈದನ ಕೈಯಿಂದ ಫೋನು ಕಿತ್ತುಕೊಂಡ. “ಡಬ್ಬದ ಮೂತಿ ಮೇಲೆ ಒಂದು ದೀಪ ಇದೆಯಲ್ಲ, ಯಾವ ಬಣ್ಣ?”

“ನೀಲಿ ಸರ್.”

“ಮಿನುಗ್ತಿದೆಯಾ, ಸುಮ್ನೆ ಉರೀತಿದೆಯಾ?”

“ಮಿನುಗ್ತಿದೆ.”

“ಹಾಗಾದ್ರೆ ಅದು ಈಗ ತಾನೇ ಎದ್ದು ಮೈ ಮುರೀತಿದೆ. ಹತ್ತು ನಿಮಿಷ ಕೈ ಕಟ್ಟಿ ಕೂತ್ಕೋ. ಏನೂ ಒತ್ತಬೇಡ. ಫೋನು ಇಡಬೇಡ.”

“ಭಾವ, ನಿಮಗೆ ಇದೆಲ್ಲ ಹೇಗೆ...”

“ಸುಮ್ನಿರು ಮಾರಾಯ. ಅದನ್ನ ಆಫ್ ಮಾಡು ಅಂದೋನು ನೀನೇ ತಾನೆ?”

*

ಮಗಳ ಮದುವೆಯ ದಿನ ಫೋಟೋದವನು ಎರಡೂ ಮನೆಯವರನ್ನು ಸಾಲಾಗಿ ನಿಲ್ಲಿಸಿದಾಗ ಹೆಣ್ಣಿನ ತಾಯಿಯೇ ಇರಲಿಲ್ಲ. ಗೇರಣ್ಣ ಅಡುಗೆಮನೆ ನೋಡಿದ, ಮಹಡಿ ಹತ್ತಿ ಇಳಿದ. ಕೊನೆಗೆ ಸಿಕ್ಕಿದ್ದು ಛತ್ರದ ಹಿಂದೆ, ಗಡಗಡ ಎನ್ನುವ ಜನರೇಟರ್ ಪಕ್ಕ. ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಿವಿಗೆ ಬೆರಳು ತುರುಕಿ, ಇನ್ನೊಂದಕ್ಕೆ ಫೋನು ಒತ್ತಿ ಕೂಗುತ್ತಿದ್ದಳು: “ಎಡಗಡೆಯಿಂದ ಮೂರನೇ ತೂತು ಬೇಡ ಕಣೇ, ಅದು ಸತ್ತಿದೆ! ಐದಕ್ಕೆ ಚುಚ್ಚು!”

“ಅಲ್ಲಿ ಬೀಗರು ಹಲ್ಲು ಕಿರಿದುಕೊಂಡು ನಿಂತಿದ್ದಾರೆ!” ಎಂದು ಇವನೂ ಕೂಗಿದ.

ಅವಳು ಫೋನಿನ ಬಾಯಿ ಮುಚ್ಚಿದಳು. “ಎರಡೇ ನಿಮಿಷ ರೀ. ಒಬ್ಬರ ಗಂಟಲ ಗಡ್ಡೆ ಸಿಗ್ತಿಲ್ಲ.”

“ನೀನು ಆ ಡಬ್ಬಾನೇ ಕಟ್ಕೋಬೇಕಿತ್ತು.”

“ಕಟ್ಕೊಂಡಿದ್ರೆ ಎಷ್ಟೋ ಸುಖ ಇತ್ತು,” ಎಂದಳು ಅವಳು. “ಅದು ಮುನಿಸ್ಕೊಂಡ್ರೆ ದೀಪ ನೋಡಿದ್ರೆ ಗೊತ್ತಾಗುತ್ತೆ. ನಿಮ್ಮದು ಅದೂ ಇಲ್ಲ.”

ಬೀಗರು ಕಾಯಲಿಲ್ಲ. ಆ ಫೋಟೋದಲ್ಲಿ ಅವಳಿಲ್ಲ. ಹೆಣ್ಣಿನ ತಂದೆತಾಯಿ ನಿಲ್ಲುವಲ್ಲಿ ಗಂಟು ಹಾಕಿದ ಹುಬ್ಬಿನ ಗೇರಣ್ಣನೊಬ್ಬನೇ ಇದ್ದಾನೆ.

*

ಬೀದಿಯಲ್ಲಿ ಶವದ ವ್ಯಾನಿನವನು ಹಾರ್ನ್ ಹೊಡೆದ. ಆಮೇಲೆ ತಾನೇ ಒಳಗೆ ಬಂದ. “ಯಜಮಾನ್ರೇ, ಎರಡು ಗಂಟೆ ತಪ್ಪಿದ್ರೆ ಆಮೇಲೆ ಐದಕ್ಕೇ ಕೊಡೋದು ಚಿತಾಗಾರದಲ್ಲಿ.”

“ಮೂರು ನಿಮಿಷ.”

“ಹೆಣ ಮುಂದಿಟ್ಕೊಂಡು ಇದೇನೋ ನಿನ್ನ ಕಂಪ್ಯೂಟರ್ ಪಾಠ?” ಗೇರಣ್ಣನ ಅಕ್ಕನಿಗೆ ತಡೆಯಲಾಗಲಿಲ್ಲ. “ನೋಡಿದೋರು ಏನಂದಾರು?”

“ಏನಾದ್ರೂ ಅಂದ್ಕೊಳ್ಳಲಿ ಸುಮ್ನಿರಕ್ಕ.” ಅವನು ಫೋನಿಗೆ ಬಾಯಿ ಹತ್ತಿರ ಮಾಡಿದ. “ದೀಪ?”

“ನಿಂತಿದೆ ಸರ್. ಸುಮ್ನೆ ಉರೀತಿದೆ.”

“ಈಗ ಹಿಂದುಗಡೆ ನೋಡು. ವಯರ್ ಚುಚ್ಚಿರೋ ಕಡೆ ಹಸಿರು ದೀಪ ಕುಣೀತಿದೆಯಾ?”

“ಇಲ್ಲ. ಅಲ್ಲಿ ದೀಪಾನೇ ಇಲ್ಲ.”

“ಆ ವಯರನ್ನ ಕೈಯಲ್ಲಿ ಹಿಡ್ಕೊಂಡೇ ಹೋಗು. ಗೋಡೆ ಮೇಲಿನ ಸಣ್ಣ ಪೆಟ್ಟಿಗೆಗೆ ಹೋಗುತ್ತಲ್ಲ, ಅಲ್ಲಿ ಎಷ್ಟನೇ ತೂತಲ್ಲಿದೆ? ಎಡಗಡೆಯಿಂದ ಎಣಿಸು.”

ಕುರ್ಚಿ ಎಳೆದ ಸದ್ದು. ಯಾವುದೋ ಫೈಲು ಬಿದ್ದ ಸದ್ದು.

“ಮೂರು. ಅಯ್ಯೋ! ನಿನ್ನೆ ರಾತ್ರಿ ಬಣ್ಣ ಹೊಡೆಯೋರು ಬಂದಿದ್ರಂತೆ, ಎಲ್ಲಾ ಕಿತ್ತು ಹಾಕಿರಬೇಕು.”

“ಮೂರನೇದು ಸತ್ತಿದೆ. ಐದಕ್ಕೆ ಚುಚ್ಚು. ಟಕ್ ಅನ್ನಬೇಕು.”

ಟಕ್ ಎಂದದ್ದು ಹಜಾರಕ್ಕೆಲ್ಲ ಕೇಳಿಸಿತು.

“ಹಸಿರು ಬಂತು! ಆದ್ರೆ ಕಂಪ್ಯೂಟರಲ್ಲಿ ಇನ್ನೂ ಇಲ್ಲ.”

“ಇರಲ್ಲ. ಅದರ ಹೆಸರು ಹುಡುಕಬೇಡ, ಹೆಸರಿಗೆ ಓಗೊಡೋ ಜಾತಿ ಅಲ್ಲ ಅದು. ಮೇಲಿನ ಪಟ್ಟಿಯಲ್ಲಿ ನಂಬರ್ ಹೊಡಿ. ಮೊದಲು ಎಂಟರ್ ಮೇಲಿರೋ ಓರೆ ಗೆರೆ ಎರಡು ಸಲ.” ಗೇರಣ್ಣ ಕಣ್ಣು ಮುಚ್ಚಿದ. “ಒಂದು ಒಂಬತ್ತು ಎರಡು, ಚುಕ್ಕೆ. ಒಂದು ಆರು ಎಂಟು, ಚುಕ್ಕೆ. ಒಂದು, ಚುಕ್ಕೆ. ಏಳು ಏಳು.”

ಬಾಮೈದ ಬಾಯಿ ತೆರೆದು ನೋಡುತ್ತಿದ್ದ. ಮಗಳು ಗೋಡೆಗೆ ಒರಗಿ ನಿಂತಿದ್ದಳು. ಅಪ್ಪನ ಬಾಯಿಂದ ಬರುತ್ತಿದ್ದದ್ದು ಅಮ್ಮನ ಮಾತು, ಅಮ್ಮ ತಡೆದು ತಡೆದು ಹೇಳುತ್ತಿದ್ದ ಅದೇ ಧಾಟಿ. ವರ್ಷಗಟ್ಟಲೆ ಊಟದ ತಟ್ಟೆಯ ಮುಂದೆ ಕೂತು, ಹಲ್ಲು ಕಡಿಯುತ್ತ, ಅವನು ಇದನ್ನು ಕೇಳಿಸಿಕೊಂಡಿದ್ದ.

“ಪಾಸ್‌ವರ್ಡ್ ಕೇಳ್ತಿದೆ.”

ಗೇರಣ್ಣ ತಡವರಿಸಿದ. “ಅದು ನನಗೆ ಗೊತ್ತಿಲ್ಲಮ್ಮ. ಅದನ್ನ ಹೇಳೋವಾಗ ಮಾತ್ರ ಅವಳು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ಲು. ಕಂಡೋರ ರೋಗ ಇರುತ್ತೆ ಅದರೊಳಗೆ, ಗಂಡನಾದ್ರೂ ಅಷ್ಟೇ ಅಂತಿದ್ಲು.”

“ಅದು ನನಗೆ ಗೊತ್ತು ಭಾವ,” ಎಂದಳು ಗಡಿಬಿಡಿ. ಕೀಲಿಗಳ ಟಪಟಪ ಸದ್ದಾಯಿತು. “ಬಂತು. ಎಲ್ಲಾ ಬಂತು. ಆ ಆಪರೇಷನ್ನವರ ಹೆಸರೂ ಇದೆ. ಕಳಿಸ್ತಿದ್ದೀನಿ ಭಾವ, ಈಗಲೇ ಕಳಿಸ್ತಿದ್ದೀನಿ.”

“ಸರಿ,” ಎಂದ ಗೇರಣ್ಣ. ಫೋನು ಕಟ್ಟಾದ ಮೇಲೂ ಕೈ ಕಿವಿಯ ಹತ್ತಿರವೇ ಇತ್ತು. ಮಗಳು ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನು ತೆಗೆದುಕೊಂಡಳು. “ನಡೀರಪ್ಪ, ಎತ್ತಿ,” ಎಂದ ಅವನು ವ್ಯಾನಿನವನಿಗೆ.

*

ಚಿತಾಗಾರದ ಗುಮಾಸ್ತ ಗಡಿಯಾರ ತೋರಿಸಿ, ಹನ್ನೆರಡು ನಿಮಿಷ ತಡ ಎಂದು ಗೊಣಗಿದ. ಕೊನೆಗೆ, ನಿಮ್ಮ ನಂತರದವರು ಇನ್ನೂ ಬಂದಿಲ್ಲ, ಪುಣ್ಯ ಎಂದು ಅರ್ಜಿ ಎಳೆದುಕೊಂಡ. ಕಿಂಡಿಯ ಗಾಜಿನ ತೂತಿಗೆ ಬಗ್ಗಿ ಮಗಳು ಉತ್ತರ ಹೇಳುತ್ತ ಹೋದಳು. ಗೇರಣ್ಣ ಅವಳ ಹಿಂದೆ ನಿಂತಿದ್ದ.

“ವಯಸ್ಸು?”

“ಐವತ್ತೆಂಟು.”

“ವೃತ್ತಿ?”

“ರಿಸೆಪ್ಷನಿಸ್ಟ್.”

“ಅಲ್ಲ,” ಎಂದ ಗೇರಣ್ಣ.

ಗುಮಾಸ್ತ ತಲೆ ಎತ್ತಿದ. “ಮತ್ತೇನು?”

ಗೇರಣ್ಣ ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕಿಂಡಿಯ ಮುಂದೆ ಬಂದ. “ಅಲ್ಲೊಂದು ಡಬ್ಬ ಇದೆ ನೋಡಿ. ಊರವರ ಸ್ಕ್ಯಾನೆಲ್ಲ ಅದರಲ್ಲಿರುತ್ತೆ.”

“ಒಂದೇ ಮಾತಲ್ಲಿ ಹೇಳಿ ಸ್ವಾಮಿ. ಜಾಗ ಇಷ್ಟೇ ಇರೋದು.” ಗುಮಾಸ್ತ ಬೆರಳಿಟ್ಟು ತೋರಿಸಿದ ಖಾನೆ ಎರಡು ಅಂಗುಲವೂ ಇರಲಿಲ್ಲ.

“ಒಂದೇ ಮಾತಲ್ಲಿ ಹೇಳೋದಲ್ಲ ಅದು. ನೀವು ಬರ್ಕೊಳ್ಳಿ, ನಾನು ಹೇಳ್ತೀನಿ.”

ಗುಮಾಸ್ತ ಉಸಿರುಬಿಟ್ಟು ಪೆನ್ನು ಊರಿದ. ಗೇರಣ್ಣ ಮೊದಲಿನಿಂದ ಶುರುಮಾಡಿದ. ಹಿಂದೆ ಯಾರೋ ಕೆಮ್ಮಿದರು. ಖಾನೆಯೊಳಗೆ ಅಕ್ಷರಗಳು ಮೊದಲು ಸಣ್ಣವಾದವು, ಆಮೇಲೆ ಒಂದರ ಮೇಲೊಂದು ಏರಿದವು, ಆಮೇಲೆ ಗೆರೆ ದಾಟಿ ಹೊರಬಂದವು. ಅಂಚು ಮುಟ್ಟಿದಾಗ ಗುಮಾಸ್ತ ಅರ್ಜಿಯನ್ನು ಅಡ್ಡ ತಿರುಗಿಸಿಕೊಂಡು, ಪಕ್ಕದ ಖಾಲಿ ಜಾಗದಲ್ಲಿ ಬರೆಯುತ್ತಲೇ ಹೋದ.