ಒಂದೇ ಕಾಲಿನ ಹೆಜ್ಜೆ

ದೇಶಪಾಂಡೆ ನಗರದ ಆ ಮನೆಯಲ್ಲಿ ದಿನಾ ಬೆಳಿಗ್ಗೆ ಯಾರೋ ನಡೆದು ಹೋಗುತ್ತಿದ್ದರು. ಬಚ್ಚಲ ಬಾಗಿಲಿನಿಂದ ದೇವರ ಕೋಣೆಯವರೆಗೆ, ಬಿಳಿ ಟೈಲ್ಸಿನ ಮೇಲೆ ಕೆಂಪು ಹೆಜ್ಜೆ. ಅದೂ ಎಡಗಾಲಿನದಷ್ಟೇ. ಬಲಗಾಲಿನ ಗುರುತು ಎಲ್ಲಿ ಹುಡುಕಿದರೂ ಇಲ್ಲ. ಮೊದಲ ಸಲ ಕಂಡಾಗ ಶಿವಲಿಂಗವ್ವ ಕುಂಕುಮ ಚೆಲ್ಲಿರಬೇಕೆಂದು ಒರೆಸಿ ಹಾಕಿದಳು. ಮರುದಿನ ಮತ್ತೆ ಮೂಡಿತ್ತು. ಒರೆಸಿದ ಬಟ್ಟೆ ಹಿಂಡಿದರೆ ನೀರು ಕೆಂಪಗೆ ಇಳಿಯಿತು, ಕುಂಕುಮದ ವಾಸನೆ ಮಾತ್ರ ಇರಲಿಲ್ಲ.

ಅವಳ ಗಂಡ ಮಡಿವಾಳಪ್ಪ ಹತ್ತಿ ವ್ಯಾಪಾರಿ. ಐವತ್ತರ ಹತ್ತಿರದ ಆಳು, ಒಂದು ನಿಮಿಷ ಪುರುಸೊತ್ತಿಲ್ಲದವನು. ಸ್ನಾನ, ಪೂಜೆ ಮುಗಿಸಿ, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ ಅಂಗಡಿಗೆ ಓಡುವವನು. ಸಂಜೆ ಅವನನ್ನು ಹಿಡಿದು ಕೇಳಿದಳು.

"ರೀ, ನಿಮ್ಮ ಕಾಲಿಗೇನರ ಗಾಯ ಆಗೇತೇನ್ರಿ?"

"ಗಾಯ ಆದ್ರ ನೋಯಂಗಿಲ್ಲೇನು? ನಾ ಆರಾಮ ಇದ್ದೇನಿ." ಮರುದಿನ ಅವಳು ಕೈಹಿಡಿದು ನಿಲ್ಲಿಸಿ ಹೆಜ್ಜೆಗಳನ್ನು ತೋರಿಸಿದಾಗ ಅವನ ಕಣ್ಣು ಅರಳಿತು. "ಹುಚ್ಚಿ, ಹೆಜ್ಜಿ ಒಳಗ ಬರಾಕತ್ತಾವ ನೋಡು, ಹೊರಗ ಹೋಗಾಕತ್ತಿಲ್ಲ. ಲಕ್ಷ್ಮಿ ಬಂದಾಳ! ಈ ವಾರ ಹತ್ತಿ ಅರಳಿ ದರ ಹೆಂಗ ಏರೇತಿ ನೋಡಿದಿಲ್ಲೋ? ಒರಸಬ್ಯಾಡ ಮತ್ತ."

ಒಂದು ಚೆಂಡುಹೂವನ್ನೂ ಇಟ್ಟು ಕೈಮುಗಿದ. ಲಕ್ಷ್ಮಿಯ ಪಾದ ಅಷ್ಟು ದೊಡ್ಡದಿರುತ್ತದೆಯೇ ಎಂದು ಅವನನ್ನು ಕೇಳುವವರು ಯಾರು!

"ಲಕ್ಷ್ಮಿ ಒಂದ ಕಾಲಿಲೆ ಕುಂಟಿಕೋತ ಬರತಾಳೇನ್ರಿ?" ಎಂದಳು ಶಿವಲಿಂಗವ್ವ. ಅವನು ಆಗಲೇ ಗೇಟು ದಾಟಿದ್ದ.

ಅವತ್ತಿನಿಂದ ಅವಳಿಗೆ ಹಗಲು ಹೊತ್ತೂ ಆ ಮನೆಯಲ್ಲಿ ಒಬ್ಬಳೇ ಇರಲು ಅಂಜಿಕೆ. ಮಿಕ್ಸರ್ ನಿಲ್ಲಿಸಿದ ಕೂಡಲೇ ಬೆನ್ನ ಹಿಂದೆ ಯಾರೋ ಒಂದು ಕಾಲೆಳೆದು ಬಂದಂತೆ ಅನಿಸುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಹೆಜ್ಜೆಯ ಮೇಲೆ ಇರುವೆಗಳು ಮುತ್ತಿರುತ್ತಿದ್ದವು.

ರವಿವಾರ ಬೆಳಿಗ್ಗೆ ಮೇಲಿನ ಮನೆಯ ಪೂನಮ್ ಮೊಸರಿನ ಹೆಪ್ಪು ಕೇಳಲು ಕೆಳಗಿಳಿದು ಬಂದಳು. ಅವಳು ಸರಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ಮಡಿವಾಳಪ್ಪ ಆಗತಾನೇ ಪೂಜೆ ಮುಗಿಸಿ ಕುರ್ಚಿಯಲ್ಲಿ ಕೂತಿದ್ದ. ನೆಲ ನೋಡಿದ ಪೂನಮ್ ಬಟ್ಟಲು ಕೆಳಗಿಟ್ಟು ಬಗ್ಗಿದಳು.

"ಕಾಕು, ಇದು ರಕ್ತ ರೀ."

"ಯಾರದವಾ?" ಶಿವಲಿಂಗವ್ವ ಅವಳ ಪಕ್ಕದಲ್ಲೇ ಕುಕ್ಕರಿಸಿದಳು.

"ಕಾಕಾ, ಎಡಗಾಲ ಒಂಚೂರು ಮ್ಯಾಲ ಎತ್ತರಿ."

"ನನಗೇನಾಗೇತಿ? ಸಣ್ಣ ಮುಳ್ಳ ಚುಚ್ಚಿದ್ರೂ ಓಣಿಗೆಲ್ಲಾ ಕೇಳೂಹಂಗ ಒದರಾಂವ ನಾ," ಎನ್ನುತ್ತಲೇ ಎತ್ತಿದ.

ಅಂಗಾಲಿನಲ್ಲಿ ಹತ್ತಿ ಮೂಟೆ ಹೊಲಿಯುವ ದಬ್ಬಣದ ಮುರಿದ ತುದಿ ನಾಟಿತ್ತು. ಸುತ್ತ ಚರ್ಮ ಕಪ್ಪಾಗಿತ್ತು. ಸ್ನಾನದ ನೀರಿಗೆ ಗಾಯದ ಹಕ್ಕಳೆ ನೆನೆದು, ದಿನಾ ಅಷ್ಟು ದೂರಕ್ಕೆ ರಕ್ತ ಬಿಡುತ್ತಿತ್ತು. ಶಿವಲಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಮಾತ್ರ ನಗುತ್ತಾ ಇಬ್ಬರ ಮುಖವನ್ನೂ ನೋಡುತ್ತಿದ್ದ. "ಏನೈತಿ? ಯಾಕ ಹಂಗ ನೋಡಾಕತ್ತೀರಿ?"

"ಅಂಗಾಲಾಗ ದಬ್ಬಣ ಮುರದೈತಿ ಕಾಕಾ. ಕಣ್ಣ ಮುಚ್ಚರಿ. ನಾ ನಿಮ್ಮ ಕಾಲಬೆರಳ ಮುಟ್ಟತೇನಿ. ಮುಟ್ಟಿದ ಕೂಡಲೇ ಹೂಂ ಅನ್ರಿ."

ಅವನು ಕಣ್ಣು ಮುಚ್ಚಿದ. ಪೂನಮ್ ಎಡಗಾಲಿನ ಬೆರಳುಗಳನ್ನು ಮೆಲ್ಲಗೆ ಮುಟ್ಟುತ್ತಾ ಹೋದಳು. ಆಮೇಲೆ ಬಲಗಾಲಿನವು. ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಎಲ್ಲ ಮುಗಿದು ಅವಳು ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು.

"ಲಗೂ ಚಾಲೂ ಮಾಡವಾ," ಎಂದ ಮಡಿವಾಳಪ್ಪ. "ಎಷ್ಟೊತ್ತ ಹಿಂಗ ಕೂಡ್ಲಿ?"

ಶಿವಲಿಂಗವ್ವನಿಗೆ ಅಳು ತಡೆಯಲಾಗಲಿಲ್ಲ.

"ಶುಗರ್ ಐತೇನ್ರಿ ನಿಮಗ?" ಕೇಳಿದಳು ಪೂನಮ್.

"ಹೋದ ವರ್ಷ ಡಾಕ್ಟರ್ ಏನೇನೋ ಇಂಗ್ಲೀಷಿನ್ಯಾಗ ಅಂದ್ರು. ಎಪಿಎಂಸ್ಯಾಗ ಟೆಂಡರ್ ಹೊತ್ತಾಗಿತ್ತು, ಹೂಂ ಹೂಂ ಅಂದು ಬಂದೆ. ಗುಳಿಗಿ ತೀರಿದ್ವು, ಮೈಯಾಗ ಆರಾಮ ಇತ್ತು, ಬಿಟ್ಟೆ."

"ಕಾಲು ಅರಳಿ ಮ್ಯಾಲ ಇಟ್ಟಂಗ ಆಗತೈತಿ ಅಂತಿದ್ರು," ಎಂದಳು ಶಿವಲಿಂಗವ್ವ. "ಅರಳಿ ವ್ಯಾಪಾರದಾಂವಗ ಮತ್ತ್ಯಾವುದರ ಮ್ಯಾಲ ಇಟ್ಟಂಗ ಆಗಬೇಕು ಅಂತ ನಕ್ಕೊಂಡ ಬಿಟ್ಟಿದ್ವಿ."

"ನಮ್ಮ ಮಾತಿನ್ಯಾಗ ಹೇಳತೇನಿ ಕೇಳ್ರಿ. ರಕ್ತದಾಗ ಸಕ್ಕರಿ ಬಾಳ ದಿನ ಹೆಚ್ಚಿದ್ರ ಕಾಲಿನ ನರ ಕೆಡತಾವ. ಚುಚ್ಚಿದ್ದು, ಸುಟ್ಟಿದ್ದು ಗೊತ್ತಾಗಂಗಿಲ್ಲ. ಗಾಯ ಲಗೂ ಮಾಯಂಗಿಲ್ಲ, ಒಳಗ ಕೊಳೀತೈತಿ. ತಡ ಆದ್ರ ಕಾಲ ಕೊಯ್ಯಬೇಕಾಗತೈತಿ ಕಾಕಾ. ಗೋದಾಮಿನ್ಯಾಗ ಚಪ್ಪಲಿ ಹಾಕ್ತೀರೋ?"

"ಛೇ ಛೇ! ಮಾಲು ಅಂದ್ರ ಲಕ್ಷ್ಮಿ. ಅಪ್ಪನ ಕಾಲದಿಂದ ಬರಿಗಾಲ." ಅವನು ಅಂಗಾಲಿಗೆ ಕೈ ಚಾಚಿದ. "ನೋವ ಅಂತೂ ಇಲ್ಲ. ನಾನ ಕಿತ್ತು ಒಗೀತೇನಿ. ದವಾಖಾನಿಗೆ ಮುಂದಿನ ವಾರ ಹೋದ್ರಾತು."

ಪೂನಮ್ ಅವನ ಕೈ ಹಿಡಿದಳು. "ಕೀಳಬ್ಯಾಡ್ರಿ. ಒಳಗ ಎಷ್ಟು ಉಳದೈತೋ ಗೊತ್ತಿಲ್ಲ."

"ನೋವ ಇಲ್ಲಂತನ ನನ್ನ ಜೀವ ಹೋಗಾಕತ್ತೈತಿ!" ಶಿವಲಿಂಗವ್ವ ಗದರಿದಳು. ಮದುವೆಯಾದಾಗಿನಿಂದ ಗಂಡನಿಗೆ ಅವಳು ಹಾಗೆ ದನಿಯೆತ್ತಿದ್ದಿಲ್ಲ. "ನೀವು ಒದರಿದ್ರ ನನಗ ಸಮಾಧಾನ ಆಗತಿತ್ತು. ಏಳ್ರಿ ಈಗ, ಆಟೋ ಕರೀತೇನಿ!"

ಮಡಿವಾಳಪ್ಪ ಎದ್ದ.

ಆಟೋದಲ್ಲಿ ಪೂನಮ್ ಒಂದು ಮಾತು ಹೇಳಿಕೊಟ್ಟಳು. "ಕಾಕಾ, ವ್ಯಾಪಾರದಾಗ ದರ ಒಮ್ಮಿ ಕೇಳಿ ಸುಮ್ಮನ ಬರತೀರೇನು? ಇನ್ನೊಮ್ಮಿ ಅಂದು ಖಾತ್ರಿ ಮಾಡ್ಕೋತೀರಿ. ಡಾಕ್ಟರ್ ಹತ್ತಿರನೂ ಹಂಗ ಮಾಡ್ರಿ. ನಿಮಗ ತಿಳದದ್ದನ್ನ ತಿರುಗಿ ಹೇಳ್ರಿ."

ವಿದ್ಯಾನಗರದ ಆಸ್ಪತ್ರೆಯಲ್ಲಿ ದಬ್ಬಣದ ತುದಿ ತೆಗೆದರು, ಕೀವು ಸ್ವಚ್ಛ ಮಾಡಿದರು, ಇಂಜೆಕ್ಷನ್ ಕೊಟ್ಟರು. ಇನ್ನಷ್ಟು ದಿನ ಬಿಟ್ಟಿದ್ದರೆ ಪಾದ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರು. ಆಮೇಲೆ ಔಷಧಿಯ ಮಾತು ಹೇಳಿ ಮುಗಿಸಿದರು. ಮಡಿವಾಳಪ್ಪ ರೂಢಿಯಂತೆ ಹೂಂ ಎಂದು ಎದ್ದೇ ಬಿಟ್ಟಿದ್ದ. ಶಿವಲಿಂಗವ್ವ ಅವನ ಅಂಗಿ ಜಗ್ಗಿ ಕೂರಿಸಿದಳು.

"ಡಾಕ್ಟರ್ರ, ಇವರಿಗೇನು ತಿಳದೈತಿ ಅಂತ ಇವರ ಹೇಳತಾರ. ತಪ್ಪಿದ್ರ ತಿದ್ದರಿ."

"ಗಾಯ ಮಾಯೂತನಕ ಗುಳಿಗಿ ನುಂಗೂದು, ಆಮ್ಯಾಲ ಬಿಡೂದು," ಎಂದ ಅವನು.

ಡಾಕ್ಟರು ಬೆಚ್ಚಿದರು. "ಅಲ್ರೀ! ಗಾಯ ಮಾದ್ರೂ ಶುಗರ್ ಗುಳಿಗಿ ಬಿಡಾಂಗಿಲ್ಲ. ನನ್ನ ಕೇಳದ ಒಂದಿನಾನೂ ಬಿಡಬ್ಯಾಡ್ರಿ. ಕೇಳಿದ್ದು ಛಲೋ ಆತು."

ಈಗ ಗೋದಾಮಿನ ಬಾಗಿಲಲ್ಲಿ ಒಂದು ಜೊತೆ ಹೊಸ ಬೂಟುಗಳಿರುತ್ತವೆ. ಒಳಗೆ ಮಾತ್ರ ಹಾಕುವವು, ಹೊರಗಿನ ಮಣ್ಣು ಮುಟ್ಟದವು. ಮಾಲಿನ ಮಡಿಯೂ ಉಳಿಯಿತು, ಕಾಲೂ ಉಳಿಯಿತು.

ಓದುತ್ತಿರುವ ಅಣ್ಣ, ಅಕ್ಕ, ನಿಮಗೂ ಪುರುಸೊತ್ತಿಲ್ಲ, ಗೊತ್ತು. ಡಾಕ್ಟರ ಮಾತು ತಿಳಿಯದಿದ್ದರೆ ನಾಚಬೇಡಿ, ನಮ್ಮ ಭಾಷೆಯಲ್ಲಿ ಹೇಳಿ ಎಂದು ಕೇಳಿ, ತಿಳಿದದ್ದನ್ನು ತಿರುಗಿ ಹೇಳಿ. ಶುಗರ್ ಇದ್ದವರು ದಿನಾ ಅಂಗಾಲು ನೋಡಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ. ಇವತ್ತು ಸಂಜೆ ಕಣ್ಣು ಮುಚ್ಚಿ ಕೂತು, ಮನೆಯವರಿಗೆ ನಿಮ್ಮ ಕಾಲಬೆರಳು ಮೆಲ್ಲಗೆ ಮುಟ್ಟಲು ಹೇಳಿ. ಇಷ್ಟು ಹೊತ್ತಾದರೂ ಇನ್ನೂ ಯಾಕೆ ಮುಟ್ಟಲಿಲ್ಲ ಅನಿಸಿತೇ? ಕಣ್ಣು ತೆರೆದು ಎದುರಿಗೆ ಕೂತವರ ಮುಖ ನೋಡಿ. ಅವರು ಆಗಲೇ ಮುಟ್ಟಿ ಮುಗಿಸಿದ್ದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ.