ಹಗೇವಿಗೆ ಇಬ್ಬರು

“ನಿನ್ನ ಬುಟ್ಟು ನಾನೊಬ್ನೇ ಅವ್ವನ ದನಿ ಕೇಳಾಕಿಲ್ಲ ಕಣಣ್ಣ” ಎಂದು ತಮ್ಮ ಕೆಂಪರಾಜು ಎಂಟು ವರ್ಷಗಳ ಹಿಂದೆ ಮಾತು ಕೊಟ್ಟಿದ್ದ. ಈಗ ಗುಡೇಮಾರನಹಳ್ಳಿಯ ಮನೆ ಮುಂದೆ, ಬೆಂಚಿನ ಮೇಲೆ ಮಲಗಿಸಿದ್ದ ಅದೇ ತಮ್ಮನ ಹೆಣಕ್ಕೆ ಅನಂತರಾಜು ನೀರು ಹುಯ್ಯುತ್ತಿದ್ದ. ಕೈ ಸೋತಿತ್ತು. ಯಾರು ಕೇಳಿದರೂ ಚೊಂಬು ಕೊಡಲಿಲ್ಲ.

ಚಪ್ಪರದ ಕೆಳಗೆ ನೆರೆಮನೆಯ ಮುದುಕ ರುದ್ರಯ್ಯ ಅಮೀರನನ್ನು ಮಾತಿಗೆಳೆದಿದ್ದ. ಅಮೀರ್ ಚನ್ನಪಟ್ಟಣದವನು; ಬಿಡದಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಂಪರಾಜುವಿನ ಪಕ್ಕದ ಕುರ್ಚಿ ಅವನದು.

“ಕೆಂಪ ಕಂಪ್ಯೂಟ್ರೊಳಗೆ ಹಗೇವು ತೋಡ್ದ ಅಂತಿದ್ರು. ಎಷ್ಟು ಪಲ್ಲ ರಾಗಿ ಹಿಡೀತದಪ್ಪ ಅದು?”

“ರಾಗಿ ಅಲ್ಲ ತಾತ. ಫೋಟೋ, ದನಿ, ಕಾಗದಪತ್ರ ಎಲ್ಲಾನೂ ಒತ್ತಿ ತುಂಬಿ ಬಾಯಿ ಮುಚ್ಚೋದು. ಒಂದು ಮೂಲೆ ಕೆಟ್ರೂ ಮಿಕ್ಕಿದ್ದು ಕೆಡಬಾರದು. ಕೆಟ್ಟಿದ್ದನ್ನೂ ಮಿಕ್ಕಿದ್ದರಿಂದಲೇ ತಿರುಗಾ ಕಟ್ಕೋಬೇಕು.”

“ನೆಲದೊಳಗಿನ ನಮ್ ಹಗೇವಲ್ಲಿ ಮುಗ್ಗಿದ ರಾಗಿ ಕೋಳಿಗೇ ಕಣಪ್ಪ.”

ಅನಂತರಾಜು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತ. “ತೋಡಿದೋನು ಅವನೇ. ಅವನಿಗೊಂದು ಕಳ್ಳದಾರಿ ಇದ್ದೇ ಇರ್ತದೆ.”

“ಇಲ್ಲಣ್ಣ. ಹೆಂಗೆ ಕಟ್ಟಿದೀವಿ ಅಂತ ಇಂಟರ್‌ನೆಟ್ಟಲ್ಲಿ ಎಲ್ಲರಿಗೂ ಬಿಚ್ಚಿ ತೋರ್ಸಿದೀವಿ. ಕಳ್ಳದಾರಿ ಇದ್ದಿದ್ರೆ ನೋಡಿದೋರು ಹಿಡಿಯೋರು.”

“ಎಷ್ಟು ಜನ ನೋಡಿದ್ರು?”

“ನಾಕೈದು ಜನ” ಎಂದ ಅಮೀರ್, ತಲೆ ತಗ್ಗಿಸಿ.

*

ತಾಯಿ ಕೆಂಚಮ್ಮನ ದನಿ ಇದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಆಕೆ ತೀರಿದ ವರ್ಷ ಟೇಪ್‌ರೆಕಾರ್ಡರ್ ಅದನ್ನು ಅಗಿದುಹಾಕಿತು. ಉಳಿದಷ್ಟನ್ನು ಕೆಂಪರಾಜು ಕಂಪ್ಯೂಟರಿಗೆ ಏರಿಸಿ, ಅಣ್ಣನನ್ನು ಕರೆದ.

“ಹಗೇವು ತೆಗೆಯುವಾಗ ಒಬ್ಬ ಇಳಿದ್ರೆ ಇನ್ನೊಬ್ಬ ಮೇಲೆ ಹಗ್ಗ ಹಿಡೀಬೇಕು ಅಂತ ಅವ್ವ ಬಯ್ತಿರಲಿಲ್ವಾ? ಈ ಕಂಪ್ಯೂಟರ್ ಹಗೇವೂ ಹಂಗೇ. ನೀನೊಂದು ಗುಟ್ಟಿನ ಪದ ಒತ್ತು, ನಾನೊಂದು ಒತ್ತೀನಿ. ಎರಡೂ ಸೇರಿದ್ರೇ ಬಾಯಿ ತೆಗೆಯೋದು. ನಾನು ಆ ಕಡೆ ತಿರುಗ್ತೀನಿ.”

“ಕದ್ದು ನೋಡೀಯೆ ಮತ್ತೆ.”

“ನೀನು ಒಂದಕ್ಷರ ಹುಡುಕೋದ್ರೊಳಗೆ ನಂಗೆ ನಿದ್ದೆ ಬತ್ತದೆ, ಒತ್ತಣ್ಣ.”

ಎಲ್ಲ ಸಿ.ಡಿ.ಗೆ ಹೋಗಿ, ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದ ಮೇಲೆ ಹಾಳಾದ ಕ್ಯಾಸೆಟ್ಟನ್ನು ಅನಂತರಾಜುವೇ ಒಲೆಗೆ ಹಾಕಿದ.

ಮರುವರ್ಷ ಹೊಲ ಕಾರ್ಖಾನೆಗೆ ಹೋಯಿತು, ತಾಯಿಯನ್ನು ಹೂತ ಗುಡ್ಡೆಯೂ ಸೇರಿ. ಸಹಿ ಹಾಕಿದವನು ಅಣ್ಣ. ಅಂದಿನಿಂದ ತಮ್ಮ ಮಾತು ಬಿಟ್ಟ. ಸಿ.ಡಿ. ತಮ್ಮನ ಬೀರುವಿನಲ್ಲೇ ಉಳಿಯಿತು. ಗುಡ್ಡೆ ಕಳೆದವನಿಗೆ ದನಿಯೂ ಬೇಡವೆಂದು ತಮ್ಮನೊಬ್ಬನೇ ಕೂತು ಕೇಳುತ್ತಿದ್ದಾನೆ ಎಂಬುದು ಅನಂತರಾಜುವಿನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

*

ಕೆಂಪರಾಜುವಿನ ಹೆಂಡತಿ ರಾಧಾಮಣಿ ಒಳಗಿನಿಂದ ಸಿ.ಡಿ. ತಂದಳು. ಅದರ ತುಂಬ ಗೀರು.

“ಆಸ್ಪತ್ರೇಲಿ ಅವ್ವನ ದನಿ ಕೇಳ್ಬೇಕು ಅಂತಿದ್ರು ಭಾವ. ನಿಮಗೆ ಹೇಳಿ ಕಳಿಸಿದ್ನಲ್ಲ.”

“ಅವನು ನನ್ನ ಕರೆದ ಅಂದ್ರೆ ನಂಬಿಕೆ ಬರಲಿಲ್ಲ ಕಣವ್ವ.”

“ಅವರ ಪದ ನಂಗೆ ಹೇಳೋಗವ್ರೆ. ನಿಮ್ದು ನೆನಪೈತಾ?”

“ಐತೆ.” ಅನಂತರಾಜು ಅಮೀರನ ಕಡೆ ತಿರುಗಿದ. “ಮೊದ್ಲು ಅವನದೊಂದೇ ಹಾಕು. ನೋಡವ.”

ಅಮೀರ್ ತನ್ನ ಕಂಪ್ಯೂಟರನ್ನು ಜಗಲಿಯ ಮೇಲಿಟ್ಟು ಸಿ.ಡಿ. ಹಾಕಿದ. ರಾಧಾಮಣಿ ಅವನ ಕಿವಿಯಲ್ಲಿ ಹೇಳಿದಳು. ಅವನು ಒತ್ತಿದ. ತೆರೆಯಲಿಲ್ಲ.

“ಇನ್ನೊಂದು ಸಲ ಹಾಕು.”

ತೆರೆಯಲಿಲ್ಲ.

ಅನಂತರಾಜು ಬಗ್ಗಿ, ಒಂದೊಂದೇ ಅಕ್ಷರ ಹುಡುಕಿ, ತನ್ನ ಪದ ಒತ್ತಿದ.

ಗೀರಿನಿಂದ ಕೆಟ್ಟ ತುಂಡುಗಳನ್ನು ಕಂಪ್ಯೂಟರ್ ನಿಧಾನವಾಗಿ ಕಟ್ಟಿಕೊಳ್ಳತೊಡಗಿತು. ಹೂವಿನ ಹಾರ ತಂದವರು ಹಾಗೇ ನಿಂತರು. ಒಲೆಯಲ್ಲಿ ಸೌದೆ ಉರಿಯುವಂಥ ಚಟಪಟ ಸದ್ದಾಗಿ, ಅದರ ಹಿಂದಿನಿಂದ ಕೆಂಚಮ್ಮ ಗದರಿದಳು:

“ಅದೇನ್ಲಾ ಕೆಂಪ, ಬಾಯಿ ಮುಂದೆ ಹಿಡ್ಕೊಂಡಿದ್ದೀಯ? ಮುದ್ದೆ ಆರೋಯ್ತದೆ. ಹೋಗು, ಅಣ್ಣನ್ನ ಕರ್ಕೊಂಡ್ ಬಾ.”

“ಅಯ್ಯೋ, ಕೆಂಚಕ್ಕನ ದನಿಯೇ” ಎಂದ ರುದ್ರಯ್ಯ.

ಅನಂತರಾಜು ಕಂಪ್ಯೂಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಳ ದಾಟಿ ತಮ್ಮನ ಕಿವಿಯ ಪಕ್ಕ ಇಟ್ಟ. ತಾನೂ ಒದ್ದೆ ನೆಲದಲ್ಲಿ ಕೂತ.

ಅಣ್ಣನನ್ನು ಬಿಟ್ಟು ಕೆಂಪರಾಜು ಅವ್ವನ ದನಿ ಕೇಳಿರಲಿಲ್ಲ.