ಬಳಕೆಯಲ್ಲಿರುವ ಹೆಸರು

ಕಂಬಳಿ ಉಬ್ಬುತ್ತದೆ, ಇಳಿಯುತ್ತದೆ, ಆಚೆ ಕಡೆ ನೆರೆಯ ಮುದುಕಿ ದ್ವೋಶಾಳ ಮೊಣಕೈ ತಗುಲಿರಬೇಕು, ಅಥವಾ ಯಾರೋ ಬಾಗಿಲು ತೆರೆದಿಟ್ಟು ಹೋಗಿದ್ದಾರೆ, ಗಾಳಿ — ಫ್ರೂಮಾ ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದಾಳೆ, ಹಗ್ಗಕ್ಕೆ ತೂಗುಹಾಕಿದ ಸೈನ್ಯದ ಕಂಬಳಿಯೇ ಇಲ್ಲಿ ಗೋಡೆ, ಒಂದು ಕಾಲಕ್ಕೆ ಜರ್ಮನ್ ಸೈನಿಕರು ಸಾಲಾಗಿ ಮಲಗುತ್ತಿದ್ದ ಕೋಣೆಯಲ್ಲಿ ಈಗ ಕಂಬಳಿಗೊಂದು ಸಂಸಾರ, ಸಂಸಾರಕ್ಕೊಂದು ತೊಟ್ಟಿಲು, ಯುದ್ಧ ಮುಗಿದು ಎರಡು ವರ್ಷವಾದರೂ ಯಾವ ದೇಶವೂ ಬನ್ನಿ ಅನ್ನದ ಯಹೂದಿಗಳಿಗೆ ಬವೇರಿಯಾದ ಈ ಶಿಬಿರವೇ ಊರು. ಅವಳ ತೊಟ್ಟಿಲೆಂದರೆ ಹಾಲಿನಪುಡಿ ಬಂದ ರಟ್ಟಿನ ಪೆಟ್ಟಿಗೆ, ಮೂಲೆಗಳು ಮಗುವಿಗೆ ಚುಚ್ಚಬಾರದೆಂದು ದ್ವೋಶಾ ಒಳಗೆ ಹತ್ತಿ ಇಟ್ಟು ಹೊಲಿದಿದ್ದಾಳೆ, ಯಾರೂ ಹೇಳಿರಲಿಲ್ಲ. ಮಗು ನಿದ್ದೆಯಲ್ಲಿದೆ, ಹೆಣ್ಣು, ಇನ್ನೂ ಹೆಸರಿಲ್ಲ, ಹೆಸರಿಡಲು ಗಂಡ ಝಾಲ್ಮನ್ ಈಗಷ್ಟೇ ಹೋದ, ಕುದುರೆ ಲಾಯವನ್ನೇ ಪ್ರಾರ್ಥನೆಯ ಮನೆ ಮಾಡಿಕೊಂಡಿದ್ದಾರೆ, ಗುರುವಾರ ಬೆಳಿಗ್ಗೆ ಅಲ್ಲಿ ಧರ್ಮಗ್ರಂಥ ಬಿಚ್ಚುತ್ತಾರೆ, ಮಗುವಿನ ತಂದೆಯನ್ನು ಕರೆದು ಹೆಸರೇನು ಎಂದು ಕೇಳುತ್ತಾರೆ, ಶನಿವಾರದವರೆಗೆ ಕಾಯಬಹುದಿತ್ತು, ಝಾಲ್ಮನ್‌ಗೆ ತಡೆಯಲಾಗಲಿಲ್ಲ. ಟೋಪಿ ಸರಿಮಾಡಿಕೊಳ್ಳುತ್ತ ಅವನು, ಹೇಳು ಮಾರಾಯ್ತಿ, ಎಲ್ಲರ ಮುಂದೆ ಕೇಳ್ತಾರೆ, ನಾನು ಅಲ್ಲಿ ಕಂಬದ ಹಾಗೆ ನಿಂತ್ಕೊಳ್ಲಾ? ಫ್ರೂಮಾ, ನಿಂತ್ಕೋ, ಕಂಬದ ಹಾಗೆ ನಿಲ್ಲೋದನ್ನ ನಿಂಗೆ ಜರ್ಮನ್ನರ ಕ್ಯಾಂಪಲ್ಲಿ ಚೆನ್ನಾಗೇ ಕಲಿಸಿದಾರಲ್ಲ. ಅವನು ನಕ್ಕ, ಅವನ ನಗುವಿನಲ್ಲಿ ಎರಡು ಹಲ್ಲು ಇಲ್ಲ, ತನ್ನ ಪಾಲಿನ ಸಕ್ಕರೆ ಗಟ್ಟಿಯನ್ನು ಅವಳ ಬಟ್ಟಲಿಗೆ ಹಾಕಿದ, ಆಮೇಲೆ ನಗು ಬಿಟ್ಟು ಮೆಲ್ಲಗೆ, ನೀನು ಏನೂ ಹೇಳದಿದ್ರೆ ನಾನು ಮಿರ್ಲಾ ಅಂತೀನಿ, ಹೆಸರಾದ್ರೂ ಉಳೀಲಿ ಫ್ರೂಮಾ. ಅವಳು ಸಕ್ಕರೆ ಕರಗುವುದನ್ನು ನೋಡುತ್ತಿದ್ದಳು. ಬೇಡ ಅನ್ನಬಹುದಿತ್ತು, ಚಿಕ್ಕ ಮಾತು, ಬಾಯಿಗೆ ಬರಲಿಲ್ಲ, ಅವನು ಹೋದ, ಆಗ ಕಂಬಳಿ ಉಬ್ಬಿ ಇಳಿಯಿತು.

ನಮ್ಮಲ್ಲಿ ಸತ್ತವರ ಹೆಸರನ್ನಲ್ಲವೇ ಮಗುವಿಗೆ ಇಡುವುದು, ಬದುಕಿರುವವರ ಹೆಸರನ್ನು ಮನೆಯ ಮಗುವಿಗೆ ಇಟ್ಟರೆ ಸಾವು ಗಲಿಬಿಲಿಗೊಂಡು ಇಬ್ಬರಲ್ಲಿ ಯಾರನ್ನೋ ಎತ್ತಿಕೊಂಡು ಹೋಗುತ್ತದಂತೆ, ಅಜ್ಜಿ ಹುಳಿ ಸೌತೆಕಾಯಿಯ ಭರಣಿಗೆ ಬಟ್ಟೆ ಕಟ್ಟುತ್ತ ಹೇಳುತ್ತಿದ್ದಳು, ಭರಣಿಯ ವಾಸನೆ ಈಗಲೂ ಮೂಗಿನಲ್ಲಿದೆ, ಸಬ್ಬಸಿಗೆ, ಬೆಳ್ಳುಳ್ಳಿ. ಹಾಗಾದರೆ ಝಾಲ್ಮನ್ ಅಲ್ಲಿ ನಿಂತು ಮಿರ್ಲಾ ಅಂದನೆಂದರೆ ಎಲ್ಲರಿಗೂ ಗೊತ್ತಾಯಿತು, ಫ್ರೂಮಾಳ ಮೊದಲ ಗಂಡನ ಮಗಳು ಮಿರ್ಲಾ ಇಲ್ಲ, ತಾಯಿಯೇ ಒಪ್ಪಿಕೊಂಡಳು. ಒಪ್ಪಿಕೊಳ್ಳುವುದಕ್ಕೆ ಏನಿದೆ, ಯುದ್ಧ ಮುಗಿದ ಮೇಲೆ ಆ ಹಳ್ಳಿಗೆ ಹೋಗಿದ್ದಳಲ್ಲ, ಮಿರ್ಲಾಳನ್ನು ಅಡಗಿಸಿಡಲು ಒಪ್ಪಿಸಿದ್ದ ಸ್ತೆಫಾಳ ಮನೆ ಇದ್ದ ಕಡೆ ಒಲೆಯ ಕಲ್ಲು ಮಾತ್ರ ನಿಂತಿತ್ತು, ಸುತ್ತ ತುರಿಕೆ ಗಿಡ, ಬಾವಿಯ ಹತ್ತಿರದ ಹೆಂಗಸು, ಆ ಮನೆಯಿಂದ ಯಾರೂ ಹೊರಗೆ ಬರ್ಲಿಲ್ಲಮ್ಮ ಅಂದಳು, ಗಿರಣಿಯವನು, ಅಯ್ಯೋ ಅವಳ ಮಾತು ಏನ್ ಕೇಳ್ತೀರಿ, ಬೆಂಕಿ ಬೀಳೋ ಮುಂಚೇನೇ ಸ್ತೆಫಾ ಗಾಡಿ ಕಟ್ಟಿದ್ಲು, ಮೂಟೆಗಳ ಮೇಲೆ ಒಂದು ಮಗು ಕೂತಿತ್ತು ಅಂದ. ಯಾವ ಕಡೆ ಹೋಯಿತು ಗಾಡಿ? ಅವನು ಕೈ ಎತ್ತಿ ತೋರಿಸಿದ, ಆ ಕಡೆ ಇಡೀ ಪ್ರಪಂಚವಿತ್ತು. ಇಬ್ಬರೂ ಒಳ್ಳೆಯವರೇ, ಆ ಹೆಂಗಸು ಕುಡಿಯಲು ನೀರು ಕೊಟ್ಟಳು, ಗಿರಣಿಯವನು ಫ್ರೂಮಾಳ ಬೆನ್ನಿಗೆ ಹತ್ತಿದ ಮುಳ್ಳನ್ನು ಕಿತ್ತ. ಇಬ್ಬರಲ್ಲಿ ಒಬ್ಬರು ಹೇಳಿದ್ದು ಸುಳ್ಳು, ಅಷ್ಟೆ. ಕೈ ಎತ್ತಿ ತೋರಿಸಿದ — ಕೈ — ಇಲ್ಲ, ಆ ಕೈ ಬೇರೆ, ಅದು ಪುಟ್ಟದು, ಅಂಗೈ ತನ್ನ ಕಡೆಗೇ ತಿರುಗಿತ್ತು, ಈಗ ಬೇಡ ಅದು. ಮಗು ನಿದ್ದೆಯಲ್ಲೇ ಬಾಯಿ ಚಪ್ಪರಿಸುತ್ತದೆ, ಹಾಲು ಇಳಿಯುತ್ತದೆ, ರವಿಕೆ ಒದ್ದೆ, ದೇಹಕ್ಕೆ ಯಾವ ಮಗು ಎಂಬ ಚಿಂತೆ ಇಲ್ಲ.

ನಮ್ಮ ಸತ್ತವರ ಹೆಸರಿಡಿ ಎಂದು ಕೇಳಿಕೊಂಡು ಬಂದವರು ಎಷ್ಟು ಜನ, ಹೆತ್ತ ಮರುದಿನದಿಂದಲೇ, ಇನ್ನು ಹೆರಲಾರದವರು, ಅಡುಗೆಮನೆಯ ಹೆಂಗಸು ಅರ್ಧ ಈರುಳ್ಳಿ ಹಿಡಿದು ಬಂದು, ನಿಮ್ಮವರದ್ದು ಯಾವ್ದೂ ಇಲ್ಲ ಅಂದ್ರೆ ಮಾತ್ರ, ನನ್ನ ತಂಗಿ ಹೆಸರು ಕೇಳೋಕೆ ಚೆನ್ನಾಗಿತ್ತು, ಬಲವಂತ ಏನಿಲ್ಲ, ಈರುಳ್ಳಿ ಹೇಗೂ ನಿಮಗೇ. ದ್ವೋಶಾ ಕೇಳಲಿಲ್ಲ. ಒಮ್ಮೆ ಹಾಲು ಆರಿಸುತ್ತ, ನಮ್ಮ ಹೆನ್ಯಾ ಬಿಸಿ ಹಾಲು ಮುಟ್ತಾನೇ ಇರ್ಲಿಲ್ಲ ಅಂದು, ತಟ್ಟನೆ ಪಾತ್ರೆಗೆ ಮುಚ್ಚಳ ಹಾಕಿದಳು, ಮಾತಿಗೂ ಹಾಕಿದಳು. ಹೆನ್ಯಾ ಅವಳ ಒಬ್ಬಳೇ ಮಗಳು, ರೈಲಿಗೆ ಹತ್ತಿಸುವಾಗ ತಾಯಿಯ ಕಣ್ಣೆದುರೇ ಗುಂಡು ಹೊಡೆದರು, ದ್ವೋಶಾಳಿಗೆ ಸಂಶಯವೆಂಬುದೇ ಇಲ್ಲ, ಒಂದೊಂದು ಸಲ ಫ್ರೂಮಾಳಿಗೆ ಅದರ ಬಗ್ಗೆ ಹೊಟ್ಟೆಕಿಚ್ಚು, ಎಂಥ ಹೊಟ್ಟೆಕಿಚ್ಚು. ಕಂಬಳಿ ಸರಿಯುತ್ತದೆ, ದ್ವೋಶಾಳ ತಲೆ, ಎಚ್ಚರ ಇದೀಯಾ, ಬಟ್ಟೆ ಕುದಿಯೋಕೆ ಇಟ್ಟಿದೀನಿ, ನಿನ್ನ ಮಗಳು ಸಣ್ಣದೊಂದು ಸೈನ್ಯದಷ್ಟು ಬಟ್ಟೆ ಒದ್ದೆ ಮಾಡ್ತಾಳಮ್ಮ. ಇನ್ನೂ ಹೊತ್ತಿದೆ, ಪ್ರಾರ್ಥನೆ ನಿಧಾನ, ಆದರೆ ಝಾಲ್ಮನ್‌ನನ್ನು ಕರೆಯುವ ಹೊತ್ತು ಹತ್ತಿರ, ಅವನು ಬಾಯಿ ತೆರೆದರೆ ಮುಗಿಯಿತು. ದ್ವೋಶತ್ತೆ. ಏನೇ? ಲಾಯದವರೆಗೆ ಓಡ್ತೀರಾ? ಈ ಮಂಡಿಯಲ್ಲಿ? ಓಡಿ, ಝಾಲ್ಮನ್‌ಗೆ ಹೇಳಿ, ಹೆನ್ಯಾ ಅಂತ ಇಡಬೇಕಂತೆ ಅನ್ನಿ. ದ್ವೋಶಾ ಓಡಲಿಲ್ಲ. ಅವಳ ಕೈಯ ಇಕ್ಕಳದಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಕೇಳಿರ್ಲಿಲ್ಲ ಕಣೇ ಅಂದಳು. ಗೊತ್ತು. ಮತ್ತೆ ನಿನ್ನ ಮಿರ್ಲಾ? ಫ್ರೂಮಾ ಕಂಬಳಿಯನ್ನು ನೋಡಿದಳು, ಮಿರ್ಲಾ ತನ್ನ ಹೆಸರನ್ನ ಇನ್ನೂ ಬಳಸ್ತಾ ಇದಾಳೆ ಅತ್ತೆ. ದ್ವೋಶಾ ಇಕ್ಕಳವನ್ನು ಹಾಸಿಗೆಯ ಮೇಲೇ ಬಿಟ್ಟಳು, ಗಂಡಸರ ನಡುವೆ ನುಗ್ಗಿದ್ರೆ ಬೈಯಲ್ವಾ ಎಂದು ತನಗೆ ತಾನೇ ಅಂದುಕೊಂಡಳು, ಬೈಕೊಳ್ಲಿ, ಈ ಮುದುಕಿಯನ್ನ ನೋಡಿ ಯಾರ ಪ್ರಾರ್ಥನೆ ಕೆಡುತ್ತೆ, ತಲೆವಸ್ತ್ರ ಬಿಗಿದು, ಬಿಚ್ಚಿ, ಮತ್ತೆ ಬಿಗಿದು, ಹೋದಳು, ನಿಜಕ್ಕೂ ಓಡಿದಳು, ಮರದ ನೆಲ ದಡದಡ ಅಂದಿತು.

ಈಗ ಸದ್ದಿಲ್ಲ, ನೀರು ಕುದಿಯುವುದಷ್ಟೇ. ದ್ವೋಶಾಳಿಗಾಗಿ ಮಾಡಿದೆನೆ, ತನಗಾಗಿಯೆ, ಎರಡೂ ಇರಬಹುದು, ಒಂದು ವೇಳೆ ಬಾವಿಯ ಹೆಂಗಸು ಹೇಳಿದ್ದೇ ನಿಜವಾದರೆ ಮಿರ್ಲಾಳ ಹೆಸರನ್ನು ಹೊರುವವರು ಯಾರೂ ಇಲ್ಲ, ತಾಯಿಯೇ ಬಾಗಿಲು ಹಾಕಿದಂತಾಯಿತು, ಗಿರಣಿಯವನು ಹೇಳಿದ್ದು ನಿಜವಾದರೆ ಅವಳನ್ನು ಈಗ ಬೇರೆ ಯಾವುದೋ ಹೆಸರಿನಿಂದ ಕರೆಯುತ್ತಿದ್ದಾರೆ, ಊಟಕ್ಕೆ ಬಾ, ಜಡೆ ಹಾಕ್ತೀನಿ ಬಾ, ಅವಳು ಓಡಿ ಬರುತ್ತಾಳೆ. ನೆಲಮಾಳಿಗೆಯಲ್ಲಿ ಅಡಗಿದ್ದಾಗ ಸದ್ದು ಮಾಡದ ಆಟ ಒಂದೇ ಇತ್ತು, ಟಾಟಾ ಮಾಡುವುದು, ಫ್ರೂಮಾ ಕೈ ಬೀಸುತ್ತಿದ್ದಳು, ಮಿರ್ಲಾ ಕಣ್ಣರಳಿಸಿ ನೋಡುತ್ತಿದ್ದಳು, ಹೊಸದಾಗಿ ಹೆಜ್ಜೆ ಇಡುತ್ತಿದ್ದ ಮಗು, ತಾಯಿಯ ಅಂಗೈ ತನಗೆ ಕಾಣುತ್ತದಲ್ಲ, ಹಾಗಾಗಿ ತನ್ನ ಅಂಗೈಯನ್ನೂ ತನ್ನ ಕಡೆಗೇ ತಿರುಗಿಸಿ ಬೆರಳು ಆಡಿಸುತ್ತಿದ್ದಳು, ಹಾಗಲ್ಲ ಕಣೇ ಎಂದು ತಿದ್ದಬೇಕಿತ್ತು, ನಾಳೆ ತಿದ್ದಿದರಾಯಿತು ಅಂದುಕೊಂಡಳು. ಆಮೇಲೆ ಆ ಬೆಳಿಗ್ಗೆ, ಸ್ತೆಫಾ ಬೇಲಿಯ ಹತ್ತಿರ ನಿಂತು ಮಗುವನ್ನು ತೆಗೆದುಕೊಳ್ಳುವ ಮೊದಲು ತನ್ನ ಕೈಗಳಿಗೆ ಉಸಿರು ಊದಿ ಬೆಚ್ಚಗೆ ಮಾಡಿಕೊಂಡಳು, ಅದನ್ನು ಮರೆಯುವುದಿಲ್ಲ, ಹೋಗು, ತಿರುಗಿ ನೋಡ್ಬೇಡ ಅಂದಳು, ಫ್ರೂಮಾ, ಟಾಟಾ ಮಾಡು ಮಿರ್ಲಾ ಅಂದಳು, ಹೋದಳು, ತಿರುಗಿ ನೋಡಿದಳು — ಲಾಯದ ಕಡೆಯಿಂದ ಗಂಡಸರ ಶುಭಾಶಯದ ಕೂಗು, ಮಝೆಲ್ ತೋವ್, ಮಝೆಲ್ ತೋವ್, ಅದರ ಮೇಲೆ ದ್ವೋಶಾಳ ಒಡೆದ ಗಂಟಲು, ಆಯಿತು, ಹೆನ್ಯಾ, ಇವಳು ಹೆನ್ಯಾ, ಪೆಟ್ಟಿಗೆಯಲ್ಲಿ ಹೆನ್ಯಾ ಕಣ್ಣು ಬಿಡುತ್ತಾಳೆ, ಬಟ್ಟೆಯಿಂದ ಒಂದು ಕೈ ಹೊರಗೆ ಬರುತ್ತದೆ, ಬಂದೆ, ಬಂದೆ, ಅನ್ನುತ್ತಾಳೆ ಫ್ರೂಮಾ, ಯಾರಿಗೆ ಅನ್ನುತ್ತಾಳೆ, ಬೇಲಿಯ ಆಚೆ, ಸ್ತೆಫಾಳ ಭುಜದ ಮೇಲಿಂದ, ಪುಟ್ಟ ಕೈ, ಅಂಗೈ ತನ್ನ ಕಡೆಗೇ, ಬೆರಳುಗಳು ಮಡಚುತ್ತವೆ, ಬಿಚ್ಚುತ್ತವೆ, ಬಾ ಅಂದ ಹಾಗೆ, ಮಡಚುತ್ತವೆ, ಬಿಚ್ಚುತ್ತವೆ —